ಜಪಾನಿನ ಪಜಲ್ ಆಟವನ್ನು ಹೊರದೇಶಗಳಲ್ಲಿ ಬೆಳೆಸುವುದು ಹೇಗೆ? ಪುಯೊ ಪುಯೊ ಸರಣಿಯಿಂದ ಕಲಿಯಬಹುದಾದ ಸಮಗ್ರ ಮಾರ್ಗದರ್ಶಿ

1993ರಲ್ಲಿ ಅಮೆರಿಕದ ಅಂಗಡಿಗಳಿಗೆ ಸೆಗಾ ಕಂಪನಿಯ ಒಂದು ಆಟ ಬಂತು. ಹೆಸರು 'ಡಾಕ್ಟರ್ ರೊಬಾಟ್ನಿಕ್ಸ್ ಮೀನ್ ಬೀನ್ ಮಷೀನ್'. ಮೇಲಿನಿಂದ ಜೋಡಿ ಜೋಡಿಯಾಗಿ ಬಣ್ಣದ ಕಾಳುಗಳು ಬೀಳುತ್ತವೆ, ಒಂದೇ ಬಣ್ಣದ ನಾಲ್ಕು ಕೂಡಿದರೆ ಒಡೆದು ಮಾಯವಾಗುತ್ತವೆ. ಎರಡು ವರ್ಷದ ನಂತರ, 1995ರಲ್ಲಿ, ಸೆಗಾದ ಎದುರಾಳಿ ನಿಂಟೆಂಡೊದ ಯಂತ್ರಕ್ಕೆ 'ಕರ್ಬೀಸ್ ಅವಲಾಂಚ್' ಬಂತು. ಅಲ್ಲೂ ಜೋಡಿ ಜೋಡಿ, ಅಲ್ಲೂ ನಾಲ್ಕು ಕೂಡಿದರೆ ಮಾಯ. ಯುರೋಪಿನಲ್ಲಿ ಅದನ್ನೇ 'ಕರ್ಬೀಸ್ ಗೋಸ್ಟ್ ಟ್ರ್ಯಾಪ್' ಎಂದು ಮಾರಿದರು. ಇವೆಲ್ಲವೂ ಒಂದೇ ಆಟ. ಹಿರೋಶಿಮಾದ ಕಂಪೈಲ್ ಎಂಬ ಸಂಸ್ಥೆ 1991ರಲ್ಲಿ ಮಾಡಿದ 'ಪುಯೊ ಪುಯೊ'. ಅಮೆರಿಕದಲ್ಲಿ ಅದನ್ನು ಆಡಿ ಬೆಳೆದ ಎಷ್ಟೋ ಮಕ್ಕಳಿಗೆ ತಾವು ಆಡುತ್ತಿರುವುದು ಪುಯೊ ಪುಯೊ ಎಂದೇ ಗೊತ್ತಿರಲಿಲ್ಲ.

ಜಪಾನಿನಲ್ಲಿ ಮನೆಮಾತಾಗಿರುವ ಆಟ ಹೊರಗೆ ಯಾಕೆ ಇಷ್ಟು ನಿಧಾನವಾಗಿ ಬೆಳೆಯಿತು, ಬೆಳೆದಾಗ ಯಾವುದರಿಂದ ಬೆಳೆಯಿತು ಎಂದು ನೋಡಿದರೆ, ಇಂಥ ಯಾವುದೇ ಸರಣಿಯನ್ನು ಹೊರದೇಶಕ್ಕೆ ಒಯ್ಯುವವರಿಗೆ ಬೇಕಾದ ಹೆಚ್ಚಿನ ಪಾಠಗಳು ಸಿಗುತ್ತವೆ. ಆಟದ ಕಂಪನಿಯ ಪ್ರಚಾರ ತಂಡದಲ್ಲಿ ಇರುವವರು, ಅನುವಾದ ಮತ್ತು ಟೆಸ್ಟಿಂಗ್ ಮಾಡುವವರು, ಊರಲ್ಲಿ ಆಟಗಾರರ ಬಳಗ ಕಟ್ಟಬೇಕು ಎಂದಿರುವ ಅಭಿಮಾನಿಗಳು, ಮೂರೂ ಬಗೆಯವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಆಟಗಳ ಅನುವಾದದ ಟೆಸ್ಟಿಂಗ್ ಮಾಡಿದವನು, ಈ ಸರಣಿಯನ್ನು ಮನಸಾರೆ ಆಡುವವನು.

ಹಂತ 1: ಹೆಸರು ಒಂದೇ ಇರಲಿ, ಮುಖವೂ ಒಂದೇ ಇರಲಿ

'ಪುಯೊ ಪುಯೊ' ಜಪಾನಿ ಭಾಷೆಯ ಒಂದು ಅನುಕರಣ ಪದ. ಮೆತ್ತಗೆ, ಒತ್ತಿದರೆ ಲೊಳಕ್ಕೆಂದು ಅಲುಗುವ ವಸ್ತುವಿಗೆ ಹಾಗೆ ಹೇಳುತ್ತಾರೆ. ಮಿಣಿಮಿಣಿ, ಗಿಜಿಗಿಜಿ, ಪಿಳಿಪಿಳಿ ಎಂದು ದಿನವಿಡೀ ಮಾತಾಡುವ ನಮಗೆ ಆ ಹೆಸರಿನ ಸೊಗಸು ತಟ್ಟನೆ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಅಂಥ ಪದಗಳು ಕಡಿಮೆ. 90ರ ದಶಕದಲ್ಲಿ ಅಲ್ಲಿನ ಮಕ್ಕಳಿಗೆ ಪರಿಚಯವಿರುವ ಮುಖ ಬೇಕು ಎಂದು ಆಟದ ನಾಯಕಿ ಆರ್ಲೆ ನಾಜಾಳನ್ನೂ, ಅವಳ ಜೊತೆಗಿನ ಹಳದಿ ಪ್ರಾಣಿ ಕಾರ್ಬಂಕಲನ್ನೂ ತೆಗೆದು, ಒಂದರಲ್ಲಿ ಸೆಗಾದ ಪ್ರಸಿದ್ಧ ಪಾತ್ರ ಸೋನಿಕ್‌ನ ಕಾರ್ಟೂನಿನ ಖಳರನ್ನು, ಇನ್ನೊಂದರಲ್ಲಿ ನಿಂಟೆಂಡೊದ ಪಾತ್ರ ಕರ್ಬಿಯನ್ನು ಕೂರಿಸಿದರು. ಆರ್ಲೆ ಸುಮ್ಮನೆ ಬಂದ ಪಾತ್ರವಲ್ಲ. ಕಂಪೈಲ್‌ನದೇ 'ಮಾದೋ ಮೊನೊಗತಾರಿ' ಎಂಬ ಇನ್ನೊಂದು ಆಟದಿಂದ ಬಂದವಳು, ಹಿಂದೆ ಕತೆ ಇರುವವಳು.

ಆಗ ಮಾರಾಟಕ್ಕೆ ಅದು ಅನುಕೂಲವಾಗಿರಬಹುದು. ಸರಣಿಗೆ ಮಾತ್ರ ದೊಡ್ಡ ನಷ್ಟ. ಮೀನ್ ಬೀನ್ ಮಷೀನ್ ಇಷ್ಟಪಟ್ಟವನು ಮುಂದಿನ ಭಾಗ ಹುಡುಕಲು ಹೊರಟರೆ ಸೋನಿಕ್ ಸಿಗುತ್ತಾನೆ, ಕರ್ಬಿ ಆಡಿದವನು ಹುಡುಕಿದರೆ ಕರ್ಬಿಯೇ ಸಿಗುತ್ತಾನೆ, ಪುಯೊ ಪುಯೊ ಯಾರಿಗೂ ಸಿಗುವುದಿಲ್ಲ. ಆಮೇಲೆ 2002ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದಾಗ ಹೆಸರು 'ಪುಯೊ ಪಾಪ್' ಆಯಿತು. 2004ರಲ್ಲಿ 'ಪುಯೊ ಪಾಪ್ ಫೀವರ್'. ಕೊನೆಗೆ 2017ರಲ್ಲಿ 'ಪುಯೊ ಪುಯೊ ಟೆಟ್ರಿಸ್' ಬಂದಾಗ ಹೊರದೇಶದ ಡಬ್ಬಿಯ ಮೇಲೆ ಜಪಾನಿನ ಹೆಸರೇ ಅಚ್ಚಾಯಿತು. ಮೊದಲ ಆಟ ಹುಟ್ಟಿ ಅಷ್ಟರಲ್ಲಿ 26 ವರ್ಷ ಕಳೆದಿತ್ತು.

ಇದು ಒಂದೇ ಸರಣಿಯ ಕತೆಯಲ್ಲ. ನಿಂಟೆಂಡೊದ 'ಪಾನೆಲ್ ದೆ ಪೊನ್' 1996ರಲ್ಲಿ ಅಮೆರಿಕಕ್ಕೆ ಹೋಗುವಾಗ ಮಾರಿಯೊ ಆಟಗಳ ಯೋಶಿ ಎಂಬ ಪಾತ್ರದ ಮುಖ ಹೊತ್ತು 'ಟೆಟ್ರಿಸ್ ಅಟ್ಯಾಕ್' ಆಯಿತು. ಆ ಆಟಕ್ಕೂ ಟೆಟ್ರಿಸ್‌ಗೂ ಸಂಬಂಧವೇ ಇರಲಿಲ್ಲ. ಟೈಟೊದ 'ಪಜಲ್ ಬಾಬಲ್' ಅಲ್ಲಿ 'ಬಸ್ಟ್ ಎ ಮೂವ್' ಆಯಿತು.

ನೀವು ಮಾಡಬೇಕಾದದ್ದು ಇಷ್ಟು. ನಿಮ್ಮ ಸರಣಿಯ ಪ್ರತಿ ಭಾಗ ಪ್ರತಿ ದೇಶದಲ್ಲಿ ಯಾವ ಹೆಸರಿನಲ್ಲಿ, ಯಾವ ವರ್ಷ ಬಂತು ಎಂದು ಒಂದು ಪಟ್ಟಿ ಬರೆಯಿರಿ. ಇನ್ನು ಮುಂದಕ್ಕೆ ಒಂದೇ ಹೆಸರು ಎಂದು ಗಟ್ಟಿ ಮಾಡಿಕೊಳ್ಳಿ. ಹಳೆಯ ಹೆಸರುಗಳನ್ನು ಮುಚ್ಚಿಡಬೇಡಿ. 'ನೀವು ಚಿಕ್ಕಂದಿನಲ್ಲಿ ಆಡಿದ ಮೀನ್ ಬೀನ್ ಮಷೀನ್ ಇದೇ ಆಟ' ಎಂಬ ಒಂದು ಸಾಲು, ಒಂದು ಕಡೆ ಹಳೆಯ ಪರದೆ, ಇನ್ನೊಂದು ಕಡೆ ಹೊಸ ಪರದೆ. ಮೂವತ್ತು ದಾಟಿದ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಕರೆಯೋಲೆ ಇಲ್ಲ. ಅವನ ಬೆರಳಿಗೆ ಆಟ ಆಗಲೇ ಗೊತ್ತಿದೆ.

ಹಂತ 2: ಮೊದಲು ನೀವು ಐದು ಚೈನ್ ಕಲಿಯಿರಿ

ಪ್ರಚಾರಕ್ಕೆ ಇಳಿಯುವ ಮುನ್ನ ತಂಡದಲ್ಲಿರುವ ಎಲ್ಲರೂ ಆಟದ ಒಳಗುಟ್ಟು ತಿಳಿದಿರಬೇಕು. ತಿಳಿಯದವರು ಬರೆಯುವ ಜಾಹೀರಾತು 'ಮುದ್ದಾದ ಪಾತ್ರಗಳು, ಬಣ್ಣಬಣ್ಣದ ಪಜಲ್' ಎಂಬಲ್ಲಿಗೆ ನಿಲ್ಲುತ್ತದೆ. ಆ ಮಾತು ನೂರು ಆಟಗಳಿಗೆ ಹೊಂದುತ್ತದೆ, ಹಾಗಾಗಿ ಯಾವುದನ್ನೂ ಮಾರುವುದಿಲ್ಲ.

ಪುಯೊ ಪುಯೊದ ಅಂಕಣ 6 ಸಾಲು ಅಗಲ, ಕಣ್ಣಿಗೆ ಕಾಣುವಷ್ಟು 12 ಮನೆ ಎತ್ತರ. ಅಂದರೆ 72 ಮನೆ. ಎದುರಾಳಿಯ ಅಂಕಣವೂ ಅಷ್ಟೇ. ನೀವು ಒಡೆದಾಗ ಬಂದ ಅಂಕ ಎದುರಾಳಿಯ ತಲೆ ಮೇಲೆ 'ಒಜಾಮಾ' ಎಂಬ ಬೂದು ಬಣ್ಣದ ಕಸವಾಗಿ ಬೀಳುತ್ತದೆ. ಒಡೆದ ಜಾಗಕ್ಕೆ ಮೇಲಿನವು ಜಾರಿ ಬಿದ್ದು ಮತ್ತೆ ನಾಲ್ಕು ಕೂಡಿದರೆ ಅದು ಎರಡನೇ ಚೈನ್, ಅದರಿಂದ ಇನ್ನೊಂದಾದರೆ ಮೂರನೆಯದು.

1994ರ 'ಪುಯೊ ಪುಯೊ ಟ್ಸೂ' ಭಾಗದ ಲೆಕ್ಕ ಹೀಗಿದೆ. ಪ್ರತಿ ಸಲ ನಾಲ್ಕೇ ಒಡೆದವು ಎಂದುಕೊಳ್ಳಿ. ಮೊದಲ ಒಡೆತಕ್ಕೆ 40 ಅಂಕ. ಎರಡನೇ ಚೈನ್‌ಗೆ ಅದರ 8 ಪಟ್ಟು, 320. ಮೂರನೆಯದಕ್ಕೆ 640, ನಾಲ್ಕನೆಯದಕ್ಕೆ 1280, ಐದನೆಯದಕ್ಕೆ 2560. ಎದುರಾಳಿಗೆ 70 ಅಂಕಕ್ಕೆ ಒಂದು ಕಸ. ಕೂಡಿ ನೋಡಿ: ಬರೀ ಒಂದು ಸಲ ಒಡೆದರೆ ಒಂದು ಕಸವೂ ಹೋಗುವುದಿಲ್ಲ. ಎರಡು ಚೈನ್‌ಗೆ 5. ಮೂರಕ್ಕೆ 14. ನಾಲ್ಕಕ್ಕೆ 32. ಐದು ಚೈನ್ ಮಾಡಿದರೆ ಒಟ್ಟು 4840 ಅಂಕ, ಅಂದರೆ 69 ಕಸ. ಎದುರಾಳಿಯ ಅಂಕಣದಲ್ಲಿ ಇರುವುದೇ 72 ಮನೆ.

ಆಟದ ಜೀವ ಈ ಲೆಕ್ಕದಲ್ಲಿದೆ. ಐದು ಚೈನ್ ಕಟ್ಟಿದವನು ಎದುರಾಳಿಯ ಅಂಕಣವನ್ನು ಹೆಚ್ಚು ಕಡಿಮೆ ತುಂಬುವಷ್ಟು ಕಸ ಕಳಿಸುತ್ತಾನೆ. ಸಿಕ್ಕ ಸಿಕ್ಕಲ್ಲಿ ನಾಲ್ಕು ನಾಲ್ಕೇ ಒಡೆಯುತ್ತ ಹೋದವನು ಎಷ್ಟು ಚುರುಕಾಗಿದ್ದರೂ ಅವನ ಪೆಟ್ಟು ತಾಗುವುದಿಲ್ಲ. ಟ್ಸೂ ಭಾಗದಲ್ಲೇ ಇನ್ನೊಂದು ನಿಯಮ ಬಂತು: ಮೇಲಿಂದ ಕಸ ಬೀಳುವ ಮುನ್ನ ನೀವೂ ಚೈನ್ ಮಾಡಿದರೆ ಆ ಕಸ ಕರಗುತ್ತದೆ, ಹೆಚ್ಚಾದದ್ದು ತಿರುಗಿ ಎದುರಾಳಿಗೇ ಹೋಗುತ್ತದೆ. ಅಲ್ಲಿಂದ ಈ ಆಟ ಇಬ್ಬರ ನಡುವಿನ ಮಾತುಕತೆಯಾಯಿತು. ಪೆಟ್ಟಿಗೆ ಪೆಟ್ಟು ಕೊಡಲು ಯಾವಾಗ ಹೊಡೆಯಬೇಕು, ಯಾವಾಗ ತಡೆದುಕೊಳ್ಳಬೇಕು ಎಂಬ ಲೆಕ್ಕ ಶುರುವಾಯಿತು.

ಹಂತ 3: ಒಡೆಯದೆ ಬಿಡುವುದನ್ನು ಕಲಿಸಿ

ಇದೇ ಇಡೀ ಮಾರ್ಗದರ್ಶಿಯ ಹೃದಯ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕೆಲವು ವರ್ಷದ ಹಿಂದೆ ಒಂದು ಕಾಲೇಜಿನ ಹಬ್ಬದಲ್ಲಿ ಎರಡು ಟಿವಿ ಇಟ್ಟು ಈ ಆಟ ಹಾಕಿದ್ದೆವು. ಬಂದವರಿಗೆ ನಾನು ಮೇಲಿನ ಲೆಕ್ಕವನ್ನೆಲ್ಲ ಒಪ್ಪಿಸಿದೆ. ತಲೆಯಾಡಿಸಿದರು, ಎರಡು ನಿಮಿಷ ಆಡಿದರು, ಹೋದರು. ಯಾರೂ ವಾಪಸ್ ಬರಲಿಲ್ಲ. ಅದರ ಮುಂದಿನ ಬೇಸಿಗೆ ರಜೆಯಲ್ಲಿ ಧಾರವಾಡದಿಂದ ಅಕ್ಕನ ಮಗಳು ಬಂದಿದ್ದಳು, ಒಂಬತ್ತು ವರ್ಷ. ಅವಳಿಗೆ ಏನೂ ಹೇಳಲಿಲ್ಲ, ಪಕ್ಕದಲ್ಲಿ ಕೂತು ಆಡಿದೆ ಅಷ್ಟೇ. ಮೊದಲ ದಿನ ಸಿಕ್ಕಿದ್ದನ್ನೆಲ್ಲ ಒಡೆದಳು. ಎರಡನೇ ದಿನ ಸಂಜೆ ಮೂರು ಹಸಿರು ಒಂದರ ಮೇಲೊಂದು ಕೂತಿದ್ದವು, ಕೈಯಲ್ಲಿ ಇನ್ನೊಂದು ಹಸಿರು ಬಂತು. ಬೆರಳು ಅತ್ತ ಹೋಗಿ ತಡೆಯಿತು. 'ಮಾಮಾ, ಇದನ್ನ ಈಗ ಒಡೆಯಂಗಿಲ್ಲ ನಾನು, ಇರ್ಲಿ' ಎಂದು ಅದನ್ನು ಬೇರೆ ಕಡೆ ಇಟ್ಟಳು. ಅದರ ಮೇಲಿದ್ದ ಕೆಂಪು ಎಲ್ಲಿಗೆ ಬೀಳುತ್ತದೆ ಎಂದು ಅವಳಿಗೆ ಕಂಡಿತ್ತು. ಅವತ್ತಿನಿಂದ ಅವಳು ಈ ಆಟದವಳಾದಳು.

ಒಡೆಯಬಹುದಾದದ್ದನ್ನು ಒಡೆಯದೆ ಬಿಡುವ ಆ ಒಂದು ಗಳಿಗೆ ಬಂತೋ, ಆಟಗಾರ ಉಳಿದ. ಬರಲಿಲ್ಲವೋ, ವಾರದಲ್ಲಿ ಆಟ ಮೂಲೆ ಸೇರುತ್ತದೆ. ಜಪಾನಿನಲ್ಲಿ ಆ ಗಳಿಗೆಯನ್ನು ಅಣ್ಣನೋ ಗೆಳೆಯನೋ ಪಕ್ಕದಲ್ಲಿ ಕೂತು ತಂದುಕೊಡಲು ಸಾಧ್ಯ. ನಮ್ಮಲ್ಲಿ ಚೆನ್ನೆಮಣೆಯನ್ನು ಪುಸ್ತಕ ನೋಡಿ ಯಾರೂ ಕಲಿತಿಲ್ಲ, ಅಜ್ಜಿಯ ಎದುರು ಕೂತು ಕಲಿತದ್ದು. ಹೊರದೇಶದ ಆಟಗಾರನಿಗೆ ಆ ಪಕ್ಕದವನು ಇಲ್ಲ. ನಿಮ್ಮ ಕೆಲಸ ಆ ಪಕ್ಕದವನಾಗುವುದು.

ಕಲಿಸಲು ಎಲ್ಲಕ್ಕಿಂತ ಸುಲಭದ ಜೋಡಣೆ 'ಕೈದಾನ್', ಅಂದರೆ ಮೆಟ್ಟಿಲು. ಎಡದ ಮೊದಲ ಸಾಲಿನಲ್ಲಿ ಮೂರು ಕೆಂಪು, ಒಂದರ ಮೇಲೊಂದು. ಎರಡನೇ ಸಾಲಿನಲ್ಲಿ ಮೂರು ಹಸಿರು, ಅದರ ತಲೆಯ ಮೇಲೆ ಒಂದು ಕೆಂಪು. ಮೂರನೇ ಸಾಲಿನಲ್ಲಿ ಮೂರು ನೀಲಿ, ಅದರ ತಲೆಯ ಮೇಲೆ ಒಂದು ಹಸಿರು. ಈಗ ನಾಲ್ಕನೇ ಸಾಲಿನ ತಳಕ್ಕೆ ಒಂದು ನೀಲಿ ಬಿಡಿ. ನಾಲ್ಕು ನೀಲಿ ಒಡೆಯುತ್ತವೆ. ಮೇಲಿದ್ದ ಹಸಿರು ಕೆಳಗಿಳಿದು ಪಕ್ಕದ ಮೂರು ಹಸಿರನ್ನು ಮುಟ್ಟುತ್ತದೆ, ಅವೂ ಒಡೆಯುತ್ತವೆ. ಆಗ ಕೆಂಪು ಇಳಿಯುತ್ತದೆ, ಮೂರು ಕೆಂಪಿನ ಪಕ್ಕ ಕೂರುತ್ತದೆ. ಮೂರು ಚೈನ್. ಹನ್ನೆರಡೇ ಪುಯೊ, ಎದುರಾಳಿಗೆ 14 ಕಸ.

ಈ ಪಾಠವನ್ನು ಇಪ್ಪತ್ತು ಸೆಕೆಂಡಿನ ಮೂರು ತುಣುಕು ಮಾಡಿ. ಮೊದಲ ತುಣುಕಿನಲ್ಲಿ ಮೆಟ್ಟಿಲು ಸಿದ್ಧವಾಗಿರಲಿ, ನೋಡುವವನಿಗೆ ಕೊನೆಯ ನೀಲಿ ಬಿಡುವ ಕೆಲಸ ಮಾತ್ರ. ಎರಡನೆಯದರಲ್ಲಿ ಒಂದು ಮೆಟ್ಟಿಲು ಕಡಿಮೆ ಇರಲಿ. ಮೂರನೆಯದರಲ್ಲಿ ಖಾಲಿ ಅಂಕಣ. ಮಾತು ಬೇಡ, ಬರಹ ಬೇಡ, ಬೆರಳು ಮತ್ತು ಪರದೆ ಸಾಕು. ಮಾತಿಲ್ಲದ ಪಾಠಕ್ಕೆ ಅನುವಾದದ ಖರ್ಚಿಲ್ಲ, ಬ್ರೆಜಿಲ್‌ಗೂ ಪೋಲೆಂಡ್‌ಗೂ ಅದೇ ಹೋಗುತ್ತದೆ.

ಆಟದೊಳಗೆ ಪಾಠದ ವಿಭಾಗ ಇದ್ದೇ ಇರುತ್ತದೆ ಎಂದು ಸುಮ್ಮನಾಗಬೇಡಿ. ಮೆನುವಿನ ಮೂರನೇ ಪುಟದಲ್ಲಿರುವ ಪಾಠವನ್ನು ಹೊಸಬ ತೆರೆಯುವುದಿಲ್ಲ. ಅವನು ನೇರ ಆನ್‌ಲೈನ್ ಪಂದ್ಯಕ್ಕೆ ಹೋಗಿ, ಹತ್ತು ವರ್ಷ ಪಳಗಿದವನ ಕೈಯಲ್ಲಿ ಮೂವತ್ತು ಸೆಕೆಂಡಿನಲ್ಲಿ ಸೋತು, ಆಟ ಅಳಿಸುತ್ತಾನೆ. ಹೊಸಬರಿಗೆ ಹೊಸಬರೇ ಸಿಗುವ ಕೋಣೆ ಇರಬೇಕು ಎಂದು ಆಟ ಮಾಡುವವರ ಹತ್ತಿರ ಹಟ ಹಿಡಿಯಿರಿ. ಆಗದಿದ್ದರೆ ನಿಮ್ಮ ಬಳಗದಲ್ಲೇ ವಾರಕ್ಕೊಂದು 'ಮೂರು ಚೈನ್ ದಾಟದವರ ಸಂಜೆ' ಇಡಿ.

ಹಂತ 4: ಅನುವಾದದಲ್ಲಿ ಏನು ಉಳಿಸಬೇಕು, ಏನು ಬದಲಿಸಬೇಕು

ಆರ್ಲೆ ಚೈನ್ ಮಾಡುವಾಗ ಒಂದೊಂದು ಚೈನ್‌ಗೂ ಒಂದೊಂದು ಮಂತ್ರ ಕೂಗುತ್ತಾಳೆ. ಫೈಯರ್, ಐಸ್ ಸ್ಟಾರ್ಮ್, ಡಯಾಕ್ಯೂಟ್, ಹೀಗೆ ಏರುತ್ತ ಹೋಗಿ ದೊಡ್ಡ ಚೈನ್‌ಗೆ 'ಬಯೋಯೆನ್'. ಕೊನೆಯದಕ್ಕೆ ಅರ್ಥ ಹುಡುಕಬೇಡಿ, ಅದೊಂದು ಕೂಗು. ಪಳಗಿದ ಆಟಗಾರ ಪರದೆ ನೋಡದೆ ಕಿವಿಯಿಂದಲೇ ಎದುರಾಳಿ ಎಷ್ಟನೇ ಚೈನ್‌ನಲ್ಲಿದ್ದಾನೆ ಎಂದು ಎಣಿಸುತ್ತಾನೆ. ಹಾಗಾಗಿ ಇಲ್ಲಿ ದನಿ ಅಲಂಕಾರಕ್ಕಲ್ಲ, ಮಾಹಿತಿಗೆ. ಡಬ್ಬಿಂಗ್ ಮಾಡುವಾಗ ಪ್ರತಿ ಕೂಗಿನ ಉದ್ದ, ಏರು ದನಿ ಮೂಲಕ್ಕೆ ಸರಿಹೊಂದುವಂತೆ ನೋಡಿಕೊಳ್ಳಿ. ಜಪಾನಿ ದನಿಯನ್ನೂ ಆಯ್ಕೆಯಾಗಿ ಬಿಡಿ.

ಹಾಸ್ಯ, ಪದಚಮತ್ಕಾರ, ಬೈಗುಳಗಳನ್ನು ಧೈರ್ಯವಾಗಿ ಬದಲಿಸಿ. ಜಪಾನಿನದೇ ಒಗಟಿನ ಆಟಗಳಾದ ಪ್ರೊಫೆಸರ್ ಲೇಟನ್ ಸರಣಿಯವರು ಇದನ್ನು ಚೆನ್ನಾಗಿ ಮಾಡಿದರು. ಜಪಾನಿ ಅಕ್ಷರಗಳ ಮೇಲೆ ನಿಂತ ಒಗಟುಗಳನ್ನು ತೆಗೆದು ಬೇರೆ ಒಗಟು ಹಾಕಿದರು, ಬ್ರಿಟನ್ನಿಗೂ ಅಮೆರಿಕಕ್ಕೂ ಹುಡುಗ ಲ್ಯೂಕ್‌ನ ದನಿಯನ್ನೇ ಬೇರೆ ಬೇರೆ ಮಾಡಿಸಿದರು.

ಆಟಗಾರರು ಬಳಸುವ ಕಸುಬಿನ ಪದಗಳ ವಿಷಯದಲ್ಲಿ ಮಾತ್ರ ಕೈ ಇಡುವ ಮುನ್ನ ಕೇಳಿ. ಹೊರದೇಶದ ಪುಯೊ ಆಟಗಾರರಲ್ಲಿ 'ಕೈದಾನ್' ಎಂಬ ಜಪಾನಿ ಪದವೂ ಬಳಕೆಯಲ್ಲಿದೆ. 'ಜಿಟಿಆರ್' ಎಂಬ ಪ್ರಸಿದ್ಧ ಜೋಡಣೆಯ ಹೆಸರನ್ನು ಬದಲಿಸದೆ ಬಳಸುತ್ತಾರೆ, ಅದು 'ಗ್ರೇಟ್ ತನಾಕಾ ರೆನ್ಸಾ' ಎಂಬುದರ ಮೊಟಕು, ರೆನ್ಸಾ ಎಂದರೆ ಚೈನ್. ಆದರೆ ಒಜಾಮಾವನ್ನು ಇಂಗ್ಲಿಷಿನಲ್ಲಿ ಕಸ ಎನ್ನುತ್ತಾರೆ. ಯಾವುದು ಉಳಿದಿದೆ, ಯಾವುದು ಬದಲಾಗಿದೆ ಎಂದು ಅವರ ಬಾಯಿಂದ ಕೇಳಿ ತಿಳಿದು ಅದನ್ನೇ ಬಳಸಿ. ಕಚೇರಿಯಲ್ಲಿ ಕೂತು ಮೂರನೆಯ ಪದ ಹುಟ್ಟಿಸಿದರೆ ಎರಡೂ ಕಡೆಯವರಿಗೆ ಪರಕೀಯವಾಗುತ್ತದೆ.

ಟೆಸ್ಟಿಂಗ್ ಕೆಲಸದಿಂದ ಒಂದು ಕಿವಿಮಾತು. ಜಪಾನಿ ಬರಹ ಚೌಕಾಕಾರದ ಮನೆಯಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಗುಂಡಿಗಳನ್ನು ಆ ಅಳತೆಗೇ ಮಾಡಿರುತ್ತಾರೆ. ಜರ್ಮನ್ ಪದ ಅಲ್ಲಿ ಅಗಲದಲ್ಲಿ ಹಿಡಿಸುವುದಿಲ್ಲ. ಭಾರತದ ಭಾಷೆಗಳಿಗೆ ಬಂದರೆ ಎತ್ತರದ ತೊಂದರೆ. ಕನ್ನಡದಲ್ಲಿ 'ರಾಷ್ಟ್ರ' ಎಂದು ಬರೆದು ನೋಡಿ, ಕೆಳಗಿನ ಒತ್ತುಗಳು ಗುಂಡಿಯ ಅಂಚಿಗೆ ಕತ್ತರಿಸಿ ಹೋಗುತ್ತವೆ. ನಾನು ಕೆಲಸ ಮಾಡಿದ ಒಂದು ಆಟದಲ್ಲಿ ಹೀಗೆ ಒತ್ತಕ್ಷರಗಳೆಲ್ಲ ಅರ್ಧರ್ಧ ಕಾಣುತ್ತಿದ್ದವು, ಬಿಡುಗಡೆಗೆ ಹತ್ತು ದಿನ ಇದ್ದಾಗ ಅದು ಗಮನಕ್ಕೆ ಬಂತು. ಸಾಲಿನ ಎತ್ತರವನ್ನು ಮೊದಲ ದಿನವೇ ಪರೀಕ್ಷಿಸಿ.

ಹಾಗೆಯೇ ಬಣ್ಣ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬಣ್ಣವೇ ಆಟವಾಗಿರುವಾಗ ಬಣ್ಣ ಬದಲಿಸುವ ಸೌಲಭ್ಯವನ್ನು ಪ್ರಚಾರದಲ್ಲಿ ಮುಂದೆಯೇ ಹೇಳಿ.

ಹಂತ 5: ಹೊತ್ತು ತಂದವರನ್ನು ಹುಡುಕಿ

ಅಧಿಕೃತವಾಗಿ ಆಟ ಬಾರದ ವರ್ಷಗಳಲ್ಲಿ ಸರಣಿಯನ್ನು ಹೊರದೇಶದಲ್ಲಿ ಉಸಿರಾಡಿಸಿದವರು ಅಭಿಮಾನಿಗಳು. 2011ರ ಇಪ್ಪತ್ತನೇ ವರ್ಷದ ಸಂಭ್ರಮದ ಭಾಗ, 2016ರ 'ಪುಯೊ ಪುಯೊ ಕ್ರಾನಿಕಲ್', ಇವು ಜಪಾನಿನ ಹೊರಗೆ ಅಧಿಕೃತವಾಗಿ ಮಾರಾಟವಾಗಲೇ ಇಲ್ಲ. 'ಪುಯೊ ನೆಕ್ಸಸ್' ಎಂಬ ಬಳಗದವರು ಪಾತ್ರಗಳ ಮಾಹಿತಿ, ಜೋಡಣೆಗಳ ಪಾಠ, ಅಂಕದ ಲೆಕ್ಕ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದಿಟ್ಟರು. ಹಳೆಯ ಭಾಗಗಳಿಗೆ ಅಭಿಮಾನಿಗಳೇ ಕೂತು ಅನುವಾದ ಮಾಡಿದರು, ಯಾರ ಸಂಬಳವೂ ಇಲ್ಲದೆ.

ಇಂಥವರ ಹತ್ತಿರ ಹೋಗುವಾಗ ಬಹುವಚನದಲ್ಲಿ ಮಾತಾಡಿ, ಕೇಳುವವರಾಗಿ ಹೋಗಿ. ಮೊದಲ ಪತ್ರದಲ್ಲಿ ಏನನ್ನೂ ಮಾರಬೇಡಿ. ಹಳೆಯ ಅನುವಾದಗಳಲ್ಲಿ ಪಾತ್ರದ ಹೆಸರುಗಳನ್ನು ಹೇಗೆ ಬರೆದಿದ್ದಾರೆ ಎಂದು ಕೇಳಿ, ಹೊಸ ಭಾಗದ ಕರಡು ಅನುವಾದವನ್ನು ಗುಟ್ಟಿನ ಕರಾರು ಮಾಡಿಕೊಂಡು ತೋರಿಸಿ, ತಿದ್ದಿದ್ದಕ್ಕೆ ಹಣ ಕೊಡಿ, ಕೊನೆಯ ಹೆಸರುಪಟ್ಟಿಯಲ್ಲಿ ಅವರ ಹೆಸರು ಹಾಕಿ. ಹಣ ಕೊಡುವ ವಿಷಯ ಒತ್ತಿ ಹೇಳುತ್ತೇನೆ. ಪ್ರೀತಿಯಿಂದ ಮಾಡುತ್ತಾರೆ ಎಂದು ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ, ಮತ್ತು ಆ ಪ್ರೀತಿ ಬತ್ತಿದ ದಿನ ಸರಣಿಗೆ ಅಲ್ಲಿ ಯಾರೂ ಉಳಿದಿರುವುದಿಲ್ಲ.

ಹಂತ 6: ಗೊತ್ತಿರುವ ನೆರೆಯವರ ಜೊತೆ ಬನ್ನಿ, ಅವರ ನೆರಳಲ್ಲಿ ಉಳಿಯಬೇಡಿ

ಪುಯೊ ಪುಯೊ ಹೊರಗೆ ನಿಜವಾಗಿ ಬಾಗಿಲು ತೆರೆದದ್ದು ಟೆಟ್ರಿಸ್‌ನ ಕೈ ಹಿಡಿದು. ಒಂದೇ ಪಂದ್ಯದಲ್ಲಿ ಒಬ್ಬ ಟೆಟ್ರಿಸ್ ಆಡಬಹುದು, ಇನ್ನೊಬ್ಬ ಪುಯೊ. ಜಪಾನಿನಲ್ಲಿ 2014ರ ಫೆಬ್ರವರಿಯಲ್ಲೇ ಬಂದ ಆ ಆಟ ಅಮೆರಿಕ, ಯುರೋಪಿಗೆ 2017ರ ಏಪ್ರಿಲ್‌ನಲ್ಲಿ ಹೋಯಿತು, ಆಗ ತಾನೇ ಬಂದಿದ್ದ ನಿಂಟೆಂಡೊ ಸ್ವಿಚ್‌ಗೆ. ಸ್ವಿಚ್‌ನ ಬದಿಯ ಎರಡು ಕಂಟ್ರೋಲರ್ ಬಿಚ್ಚಿ ಒಂದನ್ನು ಪಕ್ಕದವನಿಗೆ ಕೊಟ್ಟರೆ ಪಂದ್ಯ ಶುರು. ಇಂಥ ಆಟಕ್ಕೆ ಹೇಳಿ ಮಾಡಿಸಿದ ಯಂತ್ರ.

ಟೆಟ್ರಿಸ್ ಪರಿಚಯಿಸಬೇಕಾಗಿಲ್ಲ, ಹಾಗಾಗಿ ಕೊಳ್ಳುವವನ ಅರ್ಧ ಭಯ ಹೋಗುತ್ತದೆ. ಆದರೆ ಈ ಜೋಡಿಯಲ್ಲಿ ಒಂದು ಅಪಾಯ ಇದೆ. ಟೆಟ್ರಿಸ್‌ಗೆಂದು ಬಂದವನು ಟೆಟ್ರಿಸ್ ಆಡಿಯೇ ಗೆಲ್ಲುತ್ತಾನೆ, ಪುಯೊ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಅದಕ್ಕೇ ಇಂಥ ಜೋಡಿ ಆಟದ ಬೆನ್ನಿಗೇ ಸರಣಿಯದೇ ಒಂದು ಆಟ ಬರಬೇಕು. ಸೆಗಾ ಅದನ್ನು ಮಾಡಿತು: ಜಪಾನಿನಲ್ಲಿ 2018ರಲ್ಲಿ 'ಪುಯೊ ಪುಯೊ ಇಸ್ಪೋರ್ಟ್ಸ್' ಎಂದು ಬಂದದ್ದು 2019ರ ಮೇ ತಿಂಗಳಲ್ಲಿ 'ಪುಯೊ ಪುಯೊ ಚಾಂಪಿಯನ್ಸ್' ಎಂದು ಹೊರಗೆ ಬಂತು, ಸುಮಾರು 10 ಡಾಲರಿಗೆ. ಕತೆಯ ಭಾಗವಿಲ್ಲ, ಬರೀ ಪಂದ್ಯ. ಬೆಲೆ ಸರಿ, ಉದ್ದೇಶ ಸರಿ. ಹೆಸರು ಮಾತ್ರ ಮತ್ತೆ ಎರಡಾಯಿತು.

ಹಂತ 7: ನೋಡುವವನಿಗೂ ಅರ್ಥವಾಗಲಿ

2023ರ ಶರತ್ಕಾಲದಲ್ಲಿ ಜಪಾನಿನ 'ಸುಯಿಕಾ ಗೇಮ್' ಆಡುತ್ತಲೇ ನೇರ ಪ್ರಸಾರ ಮಾಡುವ ಸ್ಟ್ರೀಮರ್‌ಗಳ ಬಾಯಿಂದ ಬಾಯಿಗೆ ಹರಡಿ ಅಕ್ಟೋಬರ್ ಹೊತ್ತಿಗೆ ಹೊರದೇಶದ ಅಂಗಡಿಗಳಿಗೂ ಬಂತು. ಸುಯಿಕಾ ಅಂದರೆ ಕಲ್ಲಂಗಡಿ. ಎರಡು ಒಂದೇ ಹಣ್ಣು ತಾಗಿದರೆ ಕೂಡಿ ದೊಡ್ಡ ಹಣ್ಣಾಗುತ್ತದೆ. ಮೊದಲು ಒಂದು ಪ್ರೊಜೆಕ್ಟರ್‌ನ ಜೊತೆಗೆಂದು ಮಾಡಿದ ಆಟ, ಸ್ವಿಚ್‌ನಲ್ಲಿ 2021ರ ಡಿಸೆಂಬರ್‌ನಿಂದ ಜಪಾನಿನಲ್ಲಿ 240 ಯೆನ್‌ಗೆ ಸಿಗುತ್ತಿತ್ತು. ಐದು ಸೆಕೆಂಡು ನೋಡಿದರೆ ನಿಯಮ ತಿಳಿಯುತ್ತದೆ, ಅದೇ ಅದರ ಬಲ.

ಪುಯೊ ಪುಯೊ ಪಂದ್ಯ ನೋಡುವವನಿಗೆ ಅಷ್ಟು ಸುಲಭವಲ್ಲ. ಪಳಗಿದವರು ಆಡುವಾಗ ಎರಡು ಕಡೆಯೂ ಬಣ್ಣದ ರಾಶಿ ಏರುತ್ತದೆ, ಹೊಸಬನಿಗೆ ಇಬ್ಬರೂ ಸೋಲುತ್ತಿರುವಂತೆ ಕಾಣುತ್ತದೆ. ಆದ್ದರಿಂದ ಪಂದ್ಯ ಪ್ರಸಾರ ಮಾಡುವಾಗ ಒಂದು ಗುಂಡಿ ಒತ್ತಿ ನಿಲ್ಲಿಸಿ, ರಾಶಿಯಲ್ಲಿ ಅಡಗಿರುವ ಚೈನನ್ನು ಒಂದು, ಎರಡು, ಮೂರು ಎಂದು ಅಂಕಿ ಬರೆದು ತೋರಿಸಿ. ವಿವರಣೆ ಕೊಡುವವರು ಇಬ್ಬರಿರಲಿ: ಒಬ್ಬರು ಆಟ ಬಲ್ಲವರು, ಇನ್ನೊಬ್ಬರು ಹೊಸಬರ ಪರವಾಗಿ ಕೇಳುವವರು. ಜಪಾನಿನಲ್ಲಿ 2018ರಿಂದ ಈ ಆಟಕ್ಕೆ ವೃತ್ತಿಪರ ಆಟಗಾರರ ಪರವಾನಗಿ ಇದೆ, ಅವರ ಪಂದ್ಯಗಳು ಸಾಕಷ್ಟಿವೆ. ಅವಕ್ಕೆ ನಿಮ್ಮ ಭಾಷೆಯ ವಿವರಣೆ ಸೇರಿಸಲು ಒಪ್ಪಿಗೆ ಕೇಳುವುದು ಒಳ್ಳೆಯ ಶುರು.

ಹಂತ 8: ಒಂದೇ ದಿನ, ಕೈಗೆಟುಕುವ ಬೆಲೆ

ಮೊದಲ ಪುಯೊ ಪುಯೊ ಟೆಟ್ರಿಸ್‌ಗೆ ಮೂರು ವರ್ಷ ಕಾಯಿಸಿದ್ದರು. ಎರಡನೇ ಭಾಗ ಹೊರದೇಶಗಳಿಗೆ 2020ರ ಡಿಸೆಂಬರ್ 8ಕ್ಕೆ ಬಂತು, ಜಪಾನಿಗೆ ಡಿಸೆಂಬರ್ 10ಕ್ಕೆ. ಎಲ್ಲರೂ ಒಂದೇ ವಾರ ಕಲಿಯಲು ಶುರು ಮಾಡಿದರೆ ಹೊಸಬನಿಗೆ ಹೊಸಬ ಸಿಗುತ್ತಾನೆ. ಬೆಲೆಯನ್ನು ಆಯಾ ದೇಶದ ಜೇಬು ನೋಡಿ ಇಡಿ. ಭಾರತದಂಥ ಕಡೆ ಹೆಚ್ಚಿನವರ ಆಟದ ಯಂತ್ರ ಫೋನು, ಅದು ಬಿಟ್ಟರೆ ಕಂಪ್ಯೂಟರ್.

ಹಂತ 9: ಸ್ವಲ್ಪ ಪುಕ್ಕಟೆ ಹಂಚಿ

ಇದಕ್ಕೆ ಸುಡೊಕುಗಿಂತ ದೊಡ್ಡ ಉದಾಹರಣೆ ಇಲ್ಲ. ಅದರ ಬೀಜ ಅಮೆರಿಕದ್ದು, 1979ರಲ್ಲಿ ಅಲ್ಲಿನ ಒಂದು ಒಗಟಿನ ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು. 1984ರಲ್ಲಿ ಟೋಕಿಯೊದ ನಿಕೋಲಿ ಸಂಸ್ಥೆ ಅದನ್ನು ಜಪಾನಿಗೆ ತಂದಿತು, ನಿಕೋಲಿಯ ಮಾಕಿ ಕಾಜಿ ಅದಕ್ಕೆ ಹೆಸರಿಟ್ಟರು. ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೂಲ್ಡ್ 1997ರಲ್ಲಿ ಟೋಕಿಯೊದ ಪುಸ್ತಕದಂಗಡಿಯಲ್ಲಿ ಅದನ್ನು ಕಂಡು, ಒಗಟು ತಯಾರಿಸುವ ಪ್ರೋಗ್ರಾಮನ್ನು ವರ್ಷಗಟ್ಟಲೆ ಕೂತು ಬರೆದರು. 2004ರ ನವೆಂಬರ್‌ನಲ್ಲಿ ಲಂಡನ್ನಿನ 'ದಿ ಟೈಮ್ಸ್' ಅದನ್ನು ಅಚ್ಚು ಹಾಕಿತು. ಗೂಲ್ಡ್ ಪತ್ರಿಕೆಗಳಿಗೆ ಒಗಟುಗಳನ್ನು ಹಣ ಪಡೆಯದೆ ಕೊಟ್ಟರು, ಬದಲಿಗೆ ತಮ್ಮ ಪ್ರೋಗ್ರಾಮಿನ ವಿಳಾಸ ಅಚ್ಚಾದರೆ ಸಾಕು ಎಂದರು. ಮುಂದೆ ಅದು ಕನ್ನಡದ ದಿನಪತ್ರಿಕೆಗಳ ಪುಟಕ್ಕೂ ಬಂದು ಕೂತಿತು. ಜಪಾನಿ ಹೆಸರನ್ನು ಯಾರೂ ಬದಲಿಸಲಿಲ್ಲ ಎಂಬುದನ್ನೂ ಗಮನಿಸಿ.

ನಿಮ್ಮ ಸರಣಿಗೆ ಇದರ ಅರ್ಥ: ಹಂತ 3ರ ಮೆಟ್ಟಿಲಿನ ಪಾಠಗಳನ್ನು ಆಟ ಕೊಳ್ಳದವನೂ ಆಡುವಂತೆ ಪುಕ್ಕಟೆ ಡೆಮೊ ಆಗಿ ಕೊಡಿ. ದಿನಕ್ಕೊಂದು ಒಗಟು ಕೊಡಿ, 'ಈ ಅಂಕಣದಲ್ಲಿ ಒಂದು ಪುಯೊ ಎಲ್ಲಿ ಬಿಟ್ಟರೆ ನಾಲ್ಕು ಚೈನ್?' ಎಂಬಂಥದ್ದು. ಉತ್ತರ ಮರುದಿನ.

ಹಂತ 10: ಊರಲ್ಲಿ ಬಳಗ ಕಟ್ಟಿ

ಎಂಟು ಜನ ಸಾಕು. ಎರಡು ಪರದೆ, ತಿಂಗಳಿಗೊಂದು ಭಾನುವಾರ, ಒಂದೇ ಜಾಗ. ಜಪಾನಿ ಭಾಷೆ ಕಲಿಯುವವರ ತರಗತಿಗಳಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನಲ್ಲಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿದ್ದಾರೆ, ಬಿಡದಿಯ ಟೊಯೋಟಾ ಕಾರ್ಖಾನೆಯಂಥ ಉದ್ಯಮಗಳಿಂದಾಗಿ ಜಪಾನಿನ ಕುಟುಂಬಗಳೂ ಇವೆ. ಚಿಕ್ಕಂದಿನಿಂದ ಈ ಆಟ ಆಡಿದ ಒಬ್ಬರೇ ಒಬ್ಬರು ಬಂದು ಪಕ್ಕದಲ್ಲಿ ಕೂತರೆ ಹತ್ತು ವಿಡಿಯೊಗಳ ಕೆಲಸ ಆಗುತ್ತದೆ. ಬಂದವರನ್ನು ಪಂದ್ಯಾವಳಿಗೆ ದೂಡಬೇಡಿ, ಮೊದಲ ಮೂರು ತಿಂಗಳು ಬರೀ ಜೊತೆ ಆಟ.

ಹಂತ 11: ಏನನ್ನು ಎಣಿಸಬೇಕು

ಎಷ್ಟು ಜನ ಇಳಿಸಿಕೊಂಡರು, ಎಷ್ಟು ಜನ ವಿಡಿಯೊ ನೋಡಿದರು ಎಂಬ ಅಂಕಿ ಮೇಲಧಿಕಾರಿಗಳಿಗೆ ಬೇಕು, ಕೊಡಿ. ನಿಮ್ಮ ಗೋಡೆಯ ಮೇಲೆ ಬೇರೆ ಮೂರು ಅಂಕಿ ಇರಲಿ. ಹೊಸ ಆಟಗಾರರಲ್ಲಿ ಎಷ್ಟು ಜನ ಮೊದಲ ವಾರದಲ್ಲಿ ಮೂರು ಚೈನ್ ಮಾಡಿದರು? ಹಾಗೆ ಮಾಡಿದವರಲ್ಲಿ ಎಷ್ಟು ಜನ ನಾಲ್ಕನೇ ವಾರವೂ ಆಡುತ್ತಿದ್ದಾರೆ? ಮಾಡದವರಲ್ಲಿ ಎಷ್ಟು? ಪ್ರತಿ ದೇಶಕ್ಕೂ ಬೇರೆ ಬೇರೆಯಾಗಿ, ತಿಂಗಳಿಗೊಮ್ಮೆ ಬರೆಯಿರಿ.

ಮೊದಲ ಅಂಕಿ ಏರದೆ ನಿಂತಿರುವ ದೇಶದಲ್ಲಿ ಜಾಹೀರಾತಿಗೆ ಇನ್ನಷ್ಟು ಹಣ ಸುರಿಯಬೇಡಿ. ಆ ಹಣದಲ್ಲಿ ಅಲ್ಲಿನ ಐದು ಜನ ಹೊಸಬರನ್ನು ಕರೆದು, ಆಟ ಹಾಕಿ ಕೊಟ್ಟು, ಏನೂ ಹೇಳದೆ ಹಿಂದೆ ನಿಂತು ನೋಡಿ. ನಾಲ್ಕನೆಯ ಹಸಿರು ಕೈಗೆ ಬಂದಾಗ ಅವರ ಬೆರಳು ಏನು ಮಾಡುತ್ತದೆ ಎಂದು ಬರೆದುಕೊಳ್ಳಿ, ಆಮೇಲೆ ಹಂತ 3ರ ತುಣುಕುಗಳನ್ನು ಮತ್ತೆ ಚಿತ್ರೀಕರಿಸಿ.